ಕೂಡಿಕೆ ಸಾಲು, ಅಮೃತಮತಿ ಮತ್ತು ದಾಂಪತ್ಯದ ನಿಷ್ಠೆ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆ ಸಂಬಂಧ ಬೆಳೆಸುವ ಮಾತು ಹೊರಟರೆ ಮೊದಲು ಜಾತಕ ಬರುತ್ತದೆ. ಆಮೇಲೆ ಜಮೀನಿನ ಪಹಣಿ, ತೆಂಗು-ಅಡಿಕೆಯ ಲೆಕ್ಕ, ಹುಡುಗನ ನೌಕರಿ. ಇವೆಲ್ಲ ಎದುರೆದುರು ಕುಳಿತು ನಡೆಯುವ ವಿಚಾರಣೆ. ಬೆನ್ನ ಹಿಂದೆ ನಡೆಯುವ ವಿಚಾರಣೆ ಇನ್ನೊಂದಿದೆ. ಹುಡುಗಿ ಓದಿದ ಊರಿನಲ್ಲಿ, ಕೆಲಸ ಮಾಡುವ ಕಚೇರಿಯಲ್ಲಿ ಪರಿಚಯದವರು ಯಾರಾದರೂ ಇದ್ದರೆ ಅವರಿಗೊಂದು ಫೋನು ಹೋಗುತ್ತದೆ. 'ಹುಡುಗಿ ಹೇಗೆ? ಏನೂ ತಕರಾರಿಲ್ಲ ತಾನೆ?' ತಕರಾರು ಎಂದರೆ ಏನೆಂದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಹುಡುಗನ ಬಗ್ಗೆಯೂ ವಿಚಾರಿಸುತ್ತಾರೆ, ಇಲ್ಲವೆಂದಲ್ಲ. ಆದರೆ ಅಲ್ಲಿ ಕೇಳುವುದು ಕುಡಿತ, ಇಸ್ಪೀಟು, ಕೈಸಾಲದ ಮಾತು.

ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಕುಳಿತಿದೆ. ಮದುವೆಗೆ ಮುಂಚೆ ಒಬ್ಬರ ಸಂಗ ಕಂಡವರು ಮದುವೆಯ ನಂತರ ಒಬ್ಬರಲ್ಲೇ ನಿಲ್ಲಲಾರರು. ಏನೂ ಕಾಣದೆ ಬಂದವರು ನಿಲ್ಲುತ್ತಾರೆ. ಎಷ್ಟೋ ಸಂಬಂಧಗಳು ಈ ನಂಬಿಕೆಯ ಮೇಲೆ ಕೂಡುತ್ತವೆ, ಎಷ್ಟೋ ಮುರಿಯುತ್ತವೆ. ಮದುವೆಯಾಗಿ ವರ್ಷಗಳಾದ ಮೇಲೂ ಹಳೆಯ ಪತ್ರವೋ ಹಳೆಯ ಫೋಟೋವೋ ಸಿಕ್ಕಿ ಮನೆ ರಣರಂಗವಾಗುವುದುಂಟು. ಅನುಮಾನ ಕೊಲೆಯವರೆಗೆ ಹೋದ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. ಜೀವಗಳನ್ನೇ ತೆಗೆಯುವ ನಂಬಿಕೆ ನಿಜವೋ ಅಲ್ಲವೋ ಎಂದು ಪರೀಕ್ಷಿಸಿ ನೋಡುವುದು ತಪ್ಪಾಗಲಾರದು. ಅದಕ್ಕೆ ಬೇಕಾದ ಸಾಕ್ಷ್ಯದಲ್ಲಿ ಸಾಕಷ್ಟು ಭಾಗ ಈ ಸೀಮೆಯಲ್ಲೇ ಇದೆ.

ಸಭೆಯಲ್ಲಿರುವ ಹಿರಿಯರು 'ಕೂಡಿಕೆ' ಎಂಬ ಮಾತನ್ನು ಕೇಳಿರಬಹುದು. ಕೆಲವೆಡೆ ಅದಕ್ಕೆ ಉಡಿಕೆ, ಸೀರುಡಿಕೆ ಎಂದೂ ಹೆಸರು. 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲಾಗುತ್ತಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯಲ್ಲೂ, ಹಳೆಯ ಮೈಸೂರು ಸಂಸ್ಥಾನದ ಉಳಿದ ಭಾಗಗಳಲ್ಲೂ ಕುರುಬರು, ಬೇಡರು, ಲಂಬಾಣಿಗಳೂ ಸೇರಿದಂತೆ ದುಡಿದುಣ್ಣುವ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಮತ್ತೆ ಸಂಸಾರ ಹೂಡುವ ಪದ್ಧತಿ ಇದು. ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ, ಮೈಸೂರಿನ ಜಾತಿ-ಬುಡಕಟ್ಟುಗಳ ಕುರಿತ ಸಂಪುಟಗಳು 1928ರಿಂದ 1935ರ ನಡುವೆ ಅಚ್ಚಾದವು. ಅವುಗಳ ಪುಟ ತಿರುವಿದರೆ ಜಾತಿಯ ನಂತರ ಜಾತಿಯ ವಿವರಣೆಯಲ್ಲಿ ಈ ಪದ್ಧತಿ ಎದುರಾಗುತ್ತದೆ.

ಕೂಡಿಕೆಯ ರೀತಿನೀತಿಗಳನ್ನು ಗಮನಿಸಬೇಕು. ಮೊದಲ ಮದುವೆಗೆ ಚಪ್ಪರ, ವಾಲಗ, ಹಸೆ, ಧಾರೆ ಎಲ್ಲವೂ ಉಂಟು. ಕೂಡಿಕೆಗೆ ಅವು ಯಾವುವೂ ಇಲ್ಲ. ಸಾಮಾನ್ಯವಾಗಿ ಅದು ಕತ್ತಲಾದ ಮೇಲೆ ನಡೆಯುವ ಕಾರ್ಯ. ಗಂಡು ತಂದ ಹೊಸ ಸೀರೆಯನ್ನು ಹೆಣ್ಣು ಉಡುತ್ತಾಳೆ, ಕುಲದ ಯಜಮಾನರ ಎದುರು ತಾಳಿ ಬೀಳುತ್ತದೆ, ಊಟವಾಗುತ್ತದೆ. ಮುತ್ತೈದೆಯರು ಹತ್ತಿರ ಸುಳಿಯುವುದಿಲ್ಲ. ವಿಧವೆಯರು ಅಥವಾ ಕೂಡಿಕೆಯಾದ ಹೆಂಗಸರೇ ನಿಂತು ನಡೆಸುತ್ತಾರೆ. ಹೆಣ್ಣಿಗೆ ಕೊಡುವ ತೆರವೂ ಕಡಿಮೆ, ಅನೇಕ ಕಡೆ ಅರ್ಧ. ಬಿಟ್ಟುಬಂದವಳಾದರೆ ಹೊಸ ಗಂಡ ಹಳೆಯ ಗಂಡನಿಗೆ ಮದುವೆಯ ಖರ್ಚನ್ನೋ ತೆರವನ್ನೋ ಹಿಂದಿರುಗಿಸಬೇಕು, ಕುಲಕ್ಕೆ ತಪ್ಪುಕಾಣಿಕೆ ಕಟ್ಟಬೇಕು. ಮುಂದೆ ಅವಳು ಬೇರೆಯವರ ಮದುವೆಯಲ್ಲಿ ಆರತಿ ಎತ್ತುವಂತಿಲ್ಲ. ಇನ್ನು ಅವಳ ಮಕ್ಕಳ ಮಾತು. ಕೆಲವು ಜಾತಿಗಳಲ್ಲಿ ಅವರದು 'ಕೂಡಿಕೆ ಸಾಲು' ಎಂಬ ಬೇರೆಯೇ ಸಾಲು. ಕೆಲವು ತಲೆಮಾರು ಕಳೆಯುವವರೆಗೆ ಮದುವೆ ಸಾಲಿನವರು ಆ ಮನೆಯೊಡನೆ ಹೆಣ್ಣು ತರುವ, ಕೊಡುವ ವ್ಯವಹಾರ ಇಟ್ಟುಕೊಳ್ಳುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿದರೆ ಇದು ಅವಮಾನದ ಪಟ್ಟಿಯಂತೆ ಕಾಣುತ್ತದೆ. ಹೌದು, ಅವಮಾನವೇ. ಆದರೆ ಈ ಪಟ್ಟಿಯಲ್ಲಿ ಇಲ್ಲದ್ದು ಏನೆಂಬುದನ್ನೂ ನೋಡಬೇಕು. ಒಬ್ಬ ಗಂಡನೊಡನೆ ಬಾಳಿದವಳು ಎರಡನೆಯವನಿಗೆ ನಿಷ್ಠಳಾಗಿರಲಾರಳು ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ. ಹಾಗೆಂದು ನಂಬಿದ್ದರೆ ಅವಳನ್ನು ಮನೆ ತುಂಬಿಸಿಕೊಳ್ಳುತ್ತಿದ್ದರೇ? ಹೊಲದ ಬೀಜ, ಹಗೇವಿನ ಕಾಳು, ಮೊದಲ ಹೆಂಡತಿಯ ತಬ್ಬಲಿ ಮಕ್ಕಳು ಎಲ್ಲವನ್ನೂ ಅವಳ ಕೈಗೆ ಒಪ್ಪಿಸುತ್ತಿದ್ದರೇ? ಮಳೆ ನಂಬಿ ರಾಗಿ ಬಿತ್ತುವ ಬಯಲುಸೀಮೆಯಲ್ಲಿ ಒಂಟಿ ಗಂಡಸಿನಿಂದಲೂ ಬೇಸಾಯ ಆಗದು, ಒಂಟಿ ಹೆಂಗಸಿನಿಂದಲೂ ಆಗದು. ಅಲ್ಲಿ ಸಂಸಾರ ನಿಲ್ಲುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದುದು ದುಡಿಮೆಯಿಂದ, ಹೊಂದಾಣಿಕೆಯಿಂದ. ಅವಳ ಹಿಂದಿನ ಬಾಳಿಗೆ ಕುಲ ಹಾಕಿದ ದಂಡ ಮಾನದ ಲೆಕ್ಕದ್ದು. ನಂಬಿಕೆಯ ಲೆಕ್ಕದಲ್ಲಿ ಅವಳು ಉಳಿದ ಗೃಹಿಣಿಯರಿಗೆ ಸಮಾನ.

ಅದೇ ಊರಿನ ಇನ್ನೊಂದು ಬೀದಿಯಲ್ಲಿ ಲೆಕ್ಕ ಬೇರೆಯಾಗಿತ್ತು. ಮೇಲುಜಾತಿಯ ಮನೆಗಳಲ್ಲಿ ಹೆಣ್ಣಿನ ಪೂರ್ವಾನುಭವದ ಪ್ರಶ್ನೆಯೇ ಏಳದ ಹಾಗೆ ಎಳೆಯ ವಯಸ್ಸಿಗೇ ಮದುವೆ ಮಾಡಿ ಮುಗಿಸುತ್ತಿದ್ದರು. ಗಂಡ ಸತ್ತರೆ ಏನನ್ನೂ ಕಾಣದ ಹುಡುಗಿಯೂ ತಲೆ ಬೋಳಿಸಿಕೊಂಡು, ಸತ್ತವನಿಗೆ ನಿಷ್ಠಳಾಗಿ ಬದುಕಬೇಕು. ಎಂ.ಕೆ. ಇಂದಿರಾ ಅವರ 1976ರ ಕಾದಂಬರಿ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು ಆಧರಿಸಿ ತೆಗೆದ ಚಿತ್ರ ನೋಡಿದವರಿಗೆ ಈ ಬಾಳಿನ ವಿವರ ಹೇಳಬೇಕಾಗಿಲ್ಲ. ಮೈಸೂರು ಸರ್ಕಾರ 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಅದರಂತೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಎರಡನೆಯ ನಿಯಮ ಬೇಕಾಯಿತೆಂದರೆ ಅಂಥ ಮದುವೆಗಳು ನಡೆಯುತ್ತಿದ್ದವೆಂದೇ ಅರ್ಥ. ಒಂದೆರಡು ಸಂಸಾರ ಮುಗಿಸಿ ಬಂದ ಆ ಐವತ್ತರ ವರನ ಪೂರ್ವಾನುಭವದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಅವನಿಗೆ ಕತ್ತಲಲ್ಲಿ ಮದುವೆಯಿಲ್ಲ, ಅರ್ಧ ಗೌರವವಿಲ್ಲ, ಅವನ ಮಕ್ಕಳಿಗೆ ಬೇರೆ ಸಾಲಿಲ್ಲ. ಸಂಸ್ಥಾನದಲ್ಲಿ ವಿಧವಾ ಪುನರ್ವಿವಾಹಕ್ಕೆ ಕಾಯಿದೆಯ ಬೆಂಬಲ ಸಿಗಲು 1938 ಬರಬೇಕಾಯಿತು. ಕೂಡಿಕೆಯ ಜನ ಆ ಹೊತ್ತಿಗೆ ಎಷ್ಟೋ ತಲೆಮಾರು ಮುಂದಿದ್ದರು.

ನಂಬಿಕೆಯ ಇನ್ನೊಂದು ತುದಿ, ಅಂದರೆ ಏನೂ ಕಾಣದೆ ಬಂದವರು ನಿಷ್ಠರಾಗಿರುತ್ತಾರೆ ಎಂಬುದು ಎಷ್ಟು ಗಟ್ಟಿ? ಇದಕ್ಕೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಬೇಕು. ಅಲ್ಲಿನ ಅಮೃತೇಶ್ವರ ದೇವಾಲಯ 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನೊಬ್ಬ ಕಟ್ಟಿಸಿದ್ದು. ಗುಡಿಯ ಮುಂದಿನ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ; ಮುಂದೆ ಕವಿಚಕ್ರವರ್ತಿ ಎಂದು ಹೆಸರಾದವನು. ಗುಡಿ ನೋಡಲು ಹೋದವರು ಹೊರಗೋಡೆಯ ರಾಮಾಯಣ, ಭಾಗವತದ ಕೆತ್ತನೆಗಳಲ್ಲಿ ಮೈಮರೆತು ಶಾಸನದ ಕಲ್ಲನ್ನು ಹಾದು ಹೋಗುವುದೇ ಹೆಚ್ಚು. ಅದೇ ಜನ್ನ 1209ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದ. ಕನ್ನಡದಲ್ಲಿ ದಾಂಪತ್ಯದ ಬಿರುಕನ್ನು ಇಷ್ಟು ಹತ್ತಿರದಿಂದ ನೋಡಿದ ಹಳೆಯ ಕಾವ್ಯ ಇನ್ನೊಂದು ಸಿಗುವುದು ಕಷ್ಟ. ಅದರ ನಾಯಕಿಯ ಹೆಸರು ಅಮೃತಮತಿ. ಊರಿನ ಹೆಸರಿಗೂ ಅವಳ ಹೆಸರಿಗೂ ಸಂಬಂಧವೇನೂ ಇಲ್ಲ, ಕಾಕತಾಳೀಯ.

ಅಮೃತಮತಿ ಉಜ್ಜಯಿನಿಯ ರಾಜ ಯಶೋಧರನ ರಾಣಿ. ಗಂಡ ರೂಪವಂತ, ಹೆಂಡತಿಯೆಂದರೆ ಅವನಿಗೆ ಪ್ರಾಣ. ಅವಳಿಗೆ ಹಿಂದಿನ ಪ್ರೇಮವೊಂದಿತ್ತೆಂದು ಕವಿ ಎಲ್ಲೂ ಹೇಳುವುದಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ 'ಏನೂ ತಕರಾರಿಲ್ಲದ' ಹೆಣ್ಣು. ಒಂದು ರಾತ್ರಿ ಗಂಡನ ಪಕ್ಕದಲ್ಲಿ ಮಲಗಿದ್ದವಳಿಗೆ ಆನೆಲಾಯದ ಕಡೆಯಿಂದ ಹಾಡೊಂದು ಕೇಳುತ್ತದೆ. ಆ ದನಿಗೆ ಮನಸೋಲುತ್ತಾಳೆ. ಹಾಡಿದವನು ಯಾರೆಂದು ನೋಡಿ ಬರಲು ದೂತಿಯನ್ನು ಅಟ್ಟುತ್ತಾಳೆ. ದೂತಿ ಹೋಗಿ ಕಂಡದ್ದು ಅಷ್ಟಾವಂಕನೆಂಬ ಮಾವುತನನ್ನು, ನೋಡಿದರೆ ಹೇಸುವಂಥ ಕುರೂಪಿಯನ್ನು. ಅದನ್ನು ಬಂದು ಹೇಳಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಆಮೇಲೆ ನಿತ್ಯವೂ ಅವನಲ್ಲಿಗೆ ಹೋಗುತ್ತಾಳೆ. ತಡವಾಗಿ ಹೋದ ರಾತ್ರಿ ಅವನಿಂದ ಏಟು ತಿನ್ನುತ್ತಾಳೆ. ಬೆನ್ನು ಹತ್ತಿ ಬಂದ ಯಶೋಧರ ಎಲ್ಲವನ್ನೂ ಕಣ್ಣಾರೆ ಕಂಡು ಕತ್ತಿ ಹಿರಿಯುತ್ತಾನೆ, ಕೊಲ್ಲದೆ ತಡೆದುಕೊಳ್ಳುತ್ತಾನೆ.

ಕಾವ್ಯದ ಮರ್ಮ ಇದರ ಮುಂದೆ ಇದೆ. ಕಂಡದ್ದನ್ನು ಅವನು ಹೆಂಡತಿಯೊಡನೆ ಆಡುವುದಿಲ್ಲ. ಸರಸದ ನೆಪದಲ್ಲಿ ನೈದಿಲೆ ಹೂವಿನಿಂದ ಹೊಡೆಯುತ್ತಾನೆ. ರಾತ್ರಿ ಮಾವುತನ ಏಟು ತಡೆದುಕೊಂಡವಳು ಹೂವಿನ ಏಟಿಗೆ ಮೂರ್ಛೆ ಹೋಗುತ್ತಾಳೆ. ಅದಕ್ಕೆ ಅವನು ಇಬ್ಬಗೆಯ ಮಾತಾಡುತ್ತಾನೆ. ತಾಯಿಗೆ ನಿಜ ಹೇಳದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಕನಸಿನ ದೋಷಕ್ಕೆ ತಾಯಿ ಬಲಿ ಕೊಡಬೇಕೆನ್ನುತ್ತಾಳೆ, ಜೀವವಿಲ್ಲದ ಹಿಟ್ಟಿನ ಕೋಳಿಯಲ್ಲಿ ರಾಜಿಯಾಗುತ್ತದೆ, ಗುಟ್ಟು ಬಯಲಾಯಿತೆಂದರಿತ ರಾಣಿ ಗಂಡ-ಅತ್ತೆ ಇಬ್ಬರಿಗೂ ವಿಷವಿಕ್ಕುತ್ತಾಳೆ. ಜೈನಕವಿಯಾದ ಜನ್ನನ ಕಣ್ಣು ಇರುವುದು ಹಿಂಸೆಯ ಸಂಕಲ್ಪದ ಮೇಲೆ, ಅದರ ಫಲವಾಗಿ ಬರುವ ಜನ್ಮಜನ್ಮಾಂತರದ ಯಾತನೆಯ ಮೇಲೆ. ಅಮೃತಮತಿಯ ಮೇಲೆ ಅವನಿಗೆ ಕನಿಕರವಿಲ್ಲ. ಆದರೂ ಅವನ ಕಥೆಯಲ್ಲಿ ನಿಷ್ಠೆ ಮುರಿದದ್ದು ಹಿಂದಿನ ಯಾವ ಅನುಭವದಿಂದಲೂ ಅಲ್ಲ. ಮನೆ ಉರಿದುಹೋದದ್ದು ಆ ತಪ್ಪಿನ ಜೊತೆಗೆ, ಅದರ ನಂತರ ಒಬ್ಬರಿಗೊಬ್ಬರು ಹೇಳಿಕೊಂಡ ಸುಳ್ಳುಗಳ ಸಾಲಿನಿಂದ. ಗಿರೀಶ ಕಾರ್ನಾಡರು ಇದೇ ವಸ್ತುವನ್ನು 'ಹಿಟ್ಟಿನ ಹುಂಜ' ನಾಟಕದಲ್ಲಿ ಮತ್ತೆ ಎತ್ತಿಕೊಂಡರು. ಎಂಟು ಶತಮಾನ ಕಳೆದರೂ ಪ್ರಶ್ನೆ ಹಳತಾಗಿರಲಿಲ್ಲ.

ಕಾವ್ಯ ಒಂದು ಕಥೆ, ಕೂಡಿಕೆ ಒಂದು ಪದ್ಧತಿ. ಅಂಕಿಸಂಖ್ಯೆ ಏನು ಹೇಳುತ್ತದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಈ ವಿಷಯದಲ್ಲಿ ದೀರ್ಘಕಾಲದ ಎಣಿಕೆ ನಡೆದಿರುವುದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿನ ಸರ್ಕಾರಿ ಕುಟುಂಬ ಸಮೀಕ್ಷೆಯ ಮಾಹಿತಿಯನ್ನು ಸಮಾಜಶಾಸ್ತ್ರಜ್ಞರು ಹಲವು ಸಲ ಜಾಲಾಡಿದ್ದಾರೆ. ಮೇಲುನೋಟಕ್ಕೆ ಫಲಿತಾಂಶ ನಮ್ಮ ನಂಬಿಕೆಯ ಪರವಾಗಿಯೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮದುವೆಗೆ ಮುಂಚೆ ಯಾರ ಸಂಗವೂ ಇಲ್ಲದ ಹೆಂಗಸರಲ್ಲಿ ವಿಚ್ಛೇದನ ಕಡಿಮೆ. ನಿಕೊಲಸ್ ವುಲ್ಫಿಂಗರ್ ಎಂಬ ವಿದ್ವಾಂಸರು 2016ರಲ್ಲಿ ಮಾಡಿದ ಲೆಕ್ಕದಲ್ಲಿ, ಇತ್ತೀಚಿನ ಮದುವೆಗಳ ಮಟ್ಟಿಗೆ, ಹತ್ತು ಅಥವಾ ಹೆಚ್ಚು ಸಂಬಂಧಗಳಿದ್ದವರಲ್ಲಿ ವಿಚ್ಛೇದನ ಎಲ್ಲರಿಗಿಂತ ಹೆಚ್ಚು. ಆದರೆ ನಡುವೆ ಏಣಿ ತಪ್ಪುತ್ತದೆ. ಎರಡು ಸಂಬಂಧ ಕಂಡವರು ಮೂರರಿಂದ ಒಂಬತ್ತು ಕಂಡವರಿಗಿಂತ ಹೆಚ್ಚು ವಿಚ್ಛೇದನ ಪಡೆದಿದ್ದರು. ಅನುಭವವೇ ವಿಷವಾಗಿದ್ದರೆ ಪ್ರಮಾಣ ಹೆಚ್ಚಿದಂತೆ ನಂಜೂ ಹೆಚ್ಚಬೇಕಿತ್ತಲ್ಲವೇ?

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡವರು ಹೆಚ್ಚು ಕಾಣುವ ತಿಂಗಳಲ್ಲಿ ನೆಗಡಿಯೂ ಹೆಚ್ಚು. ಕೊಪ್ಪೆಯಿಂದ ನೆಗಡಿ ಬಂತೆಂದು ಯಾರೂ ಹೇಳುವುದಿಲ್ಲ. ಎರಡಕ್ಕೂ ಮೂಲ ಮಳೆಗಾಲ. ಹಾಗೆಯೇ ಮದುವೆಗೆ ಮುಂಚೆ ಸಂಬಂಧ ಬೇಡವೆನ್ನುವ ಅಮೆರಿಕದ ಹೆಣ್ಣು ಬಹುಮಟ್ಟಿಗೆ ಚರ್ಚಿಗೆ ತಪ್ಪದೆ ಹೋಗುವವಳು, ವಿಚ್ಛೇದನ ಪಾಪವೆಂದು ಬಗೆದವಳು. ಅವಳ ಮದುವೆ ಉಳಿಯುವುದರಲ್ಲಿ ಆ ಶ್ರದ್ಧೆಯ ಪಾಲೆಷ್ಟು, ಅನುಭವವಿಲ್ಲದಿರುವುದರ ಪಾಲೆಷ್ಟು? ಜೋನ್ ಕಾನ್ ಮತ್ತು ಕ್ಯಾಥರಿನ್ ಲಂಡನ್ ಎಂಬಿಬ್ಬರು 1991ರಲ್ಲೇ ಈ ಪ್ರಶ್ನೆ ಎತ್ತಿದ್ದರು. ವಿಚ್ಛೇದನದ ಅಂತರಕ್ಕೆ ಹೆಚ್ಚಿನ ಕಾರಣ ಇಂಥ ಮೊದಲೇ ಇರುವ ವ್ಯತ್ಯಾಸಗಳು ಎಂಬ ತೀರ್ಮಾನಕ್ಕೆ ಅವರು ಬಂದರು. 2003ರಲ್ಲಿ ಜೇ ಟೀಚ್‌ಮನ್ ಇನ್ನೊಂದು ಎಳೆ ಹಿಡಿದರು: ಮುಂದೆ ಗಂಡನಾದವನ ಜೊತೆಯಲ್ಲಷ್ಟೇ ಮದುವೆಗೆ ಮುಂಚಿನ ಸಂಬಂಧವಿದ್ದ ಹೆಂಗಸರಲ್ಲಿ ವಿಚ್ಛೇದನದ ಅಪಾಯ ಹೆಚ್ಚಿರಲಿಲ್ಲ. ಅಂದಹಾಗೆ ಈ ಸಮೀಕ್ಷೆ 2002ರವರೆಗೆ ಹೆಂಗಸರನ್ನು ಮಾತ್ರ ಕೇಳುತ್ತಿತ್ತು. ಕಡೂರಿನ ಕುಲಪಂಚಾಯಿತಿಗೂ ವಾಷಿಂಗ್ಟನ್ನಿನ ಕಚೇರಿಗೂ ಈ ಒಂದು ವಿಷಯದಲ್ಲಿ ಅಷ್ಟೇನೂ ಅಂತರವಿರಲಿಲ್ಲ!

ವಿಚ್ಛೇದನ ಬೇರೆ, ವಂಚನೆ ಬೇರೆ. ವಂಚನೆಯನ್ನೇ ನೇರವಾಗಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಕೇಲಾ ನಾಪ್ ಮತ್ತು ಸಂಗಡಿಗರು 484 ಮಂದಿಯನ್ನು ಒಂದು ಸಂಬಂಧದಿಂದ ಮುಂದಿನ ಸಂಬಂಧದವರೆಗೆ ಹಿಂಬಾಲಿಸಿದರು. ಮೊದಲ ಸಂಬಂಧದಲ್ಲಿ ಸಂಗಾತಿಗೆ ವಂಚಿಸಿದವರು ಎರಡನೆಯದರಲ್ಲೂ ವಂಚಿಸುವ ಸಾಧ್ಯತೆ, ವಂಚಿಸದವರಿಗಿಂತ ಮೂರು ಪಟ್ಟು. ಈ ಮಾತಿನ ತೂಕ ದೊಡ್ಡದು. ಇಲ್ಲಿ ಎಲ್ಲರಿಗೂ ಪೂರ್ವಾನುಭವ ಇತ್ತು. ವ್ಯತ್ಯಾಸ ಮಾಡಿದ್ದು ಆ ಅನುಭವದ ಕಾಲದಲ್ಲಿ ಅವರು ನಂಬಿದವರೊಡನೆ ನಡೆದುಕೊಂಡ ರೀತಿ. ಒಬ್ಬರನ್ನು ಪ್ರೀತಿಸಿ, ಕೂಡಿಬರದೆ, ಹೇಳಿ ಬೇರೆಯಾದವರು ಒಂದು ಗುಂಪು. ಒಬ್ಬರ ಬೆನ್ನಿಗೆ ಇನ್ನೊಬ್ಬರನ್ನು ಇಟ್ಟುಕೊಂಡವರು ಇನ್ನೊಂದು ಗುಂಪು. ನಮ್ಮ ಫೋನಿನ ವಿಚಾರಣೆ ಎರಡನ್ನೂ 'ತಕರಾರು' ಎಂಬ ಒಂದೇ ಚೀಲಕ್ಕೆ ತುಂಬುತ್ತದೆ. ಮೂರು ಪಟ್ಟು ಎಂದ ಮಾತ್ರಕ್ಕೆ ಒಮ್ಮೆ ತಪ್ಪಿದವರೆಲ್ಲ ಮತ್ತೆ ತಪ್ಪುತ್ತಾರೆಂದೂ ಅರ್ಥವಲ್ಲ.

ನಮ್ಮ ದೇಶದಲ್ಲಿ ಇಂಥ ಬೆನ್ನುಹತ್ತಿದ ಅಧ್ಯಯನಗಳು ವಿರಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಸಂಗಾತಿಯೂ ಅಲ್ಲದ, ಜೊತೆಯಲ್ಲಿ ವಾಸಿಸುವವರೂ ಅಲ್ಲದವರೊಡನೆ ದೇಹಸಂಪರ್ಕ ಇಟ್ಟುಕೊಂಡಿದ್ದಾಗಿ ಹೇಳಿದವರು ಗಂಡಸರಲ್ಲಿ ಸುಮಾರು ಶೇ 4, ಹೆಂಗಸರಲ್ಲಿ ಸುಮಾರು ಶೇ 0.5. ಇದರಲ್ಲಿ ಮದುವೆಯಾಗದವರೂ ಇದ್ದಾರೆ. ಮನೆಬಾಗಿಲಿಗೆ ಬಂದ ಅಪರಿಚಿತರೆದುರು ಹೆಂಗಸರು ಬಾಯಿ ಬಿಡುವುದೂ ಕಡಿಮೆ. ಆ ಎರಡು ರಿಯಾಯಿತಿ ಕೊಟ್ಟು ನೋಡಿದರೂ, ವಿಚಾರಣೆಯ ಫೋನು ಹೆಚ್ಚಾಗಿ ತಪ್ಪು ಮನೆಗೆ ಹೋಗುತ್ತಿದೆ ಎನ್ನಬೇಕಾಗುತ್ತದೆ.

ಕಾನೂನು ಈ ಗೆರೆಯನ್ನು ಸಮಾಜಕ್ಕಿಂತ ಸ್ಪಷ್ಟವಾಗಿ ಎಳೆದಿದೆ. 1955ರ ಹಿಂದೂ ವಿವಾಹ ಕಾಯಿದೆ ಪರಸಂಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತದೆ, ಆದರೆ 'ವಿವಾಹ ನೆರವೇರಿದ ನಂತರ' ನಡೆದಿರಬೇಕು. ಮದುವೆಗೆ ಹಿಂದಿನ ಸಂಬಂಧ ತಾನಾಗಿ ಯಾವ ದೋಷವೂ ಅಲ್ಲ. ಮದುವೆಯ ವೇಳೆಗೆ ಹೆಣ್ಣು ಬೇರೊಬ್ಬರಿಂದ ಗರ್ಭಿಣಿಯಾಗಿದ್ದು, ಗಂಡಿಗೆ ಅದು ತಿಳಿಯದೆ ಇದ್ದರೆ ಮಾತ್ರ, ಅದೂ ಒಂದು ವರ್ಷದೊಳಗೆ, ಮದುವೆ ರದ್ದು ಕೋರಬಹುದು. ಕುಲದ ರೂಢಿಯಂತೆ ನಡೆಯುವ ಬಿಡುಗಡೆಯನ್ನೂ ಅದೇ ಕಾಯಿದೆಯ 29ನೇ ಕಲಂ ಉಳಿಸಿಕೊಂಡಿದೆ. ಹೆಣ್ಣಿನ ಹಿಂದಿನ ಬಾಳನ್ನು ನ್ಯಾಯಾಲಯದ ಕಟಕಟೆಗೆ ಎಳೆಯುವ ಚಾಳಿ ಮಾತ್ರ ಬಹುಕಾಲ ಉಳಿಯಿತು. ಅತ್ಯಾಚಾರಕ್ಕೆ ಒಳಗಾದವಳು ನಡತೆಗೆಟ್ಟವಳೆಂದು ತೋರಿಸಿ ಅವಳ ಮಾತನ್ನು ಹುಸಿಮಾಡಲು 1872ರ ಸಾಕ್ಷ್ಯ ಕಾಯಿದೆಯಲ್ಲೇ ದಾರಿ ಇತ್ತು. 2003ರಲ್ಲಿ ಬಂದ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಹಿಂದಿನ ಲೈಂಗಿಕ ಅನುಭವ ಒಪ್ಪಿಗೆಯ ಪ್ರಶ್ನೆಗೆ ಸಂಬಂಧಿಸಿದ್ದಲ್ಲ ಎಂಬ ಮಾತು 2013ರಲ್ಲಿ ಕಾಯಿದೆಯ ಒಳಗೇ ಸೇರಿತು. ಅದೇ ವರ್ಷ ಸುಪ್ರೀಂ ಕೋರ್ಟು, ಹೆಣ್ಣು ಮೊದಲೇ ಸಂಗ ಕಂಡವಳೇ ಎಂದು ನೋಡುವ ವೈದ್ಯಕೀಯ ಪರೀಕ್ಷೆಯನ್ನು ಅವಳ ಘನತೆಗೆ ಕುಂದೆಂದು ಹೇಳಿತು. 2022ರಲ್ಲಿ ಇನ್ನಷ್ಟು ಕಟುವಾಗಿ ಅದನ್ನು ಮತ್ತೆ ಹೇಳಬೇಕಾಯಿತು. ಪರಸಂಗವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 497ನೇ ಕಲಮನ್ನು ಅದೇ ನ್ಯಾಯಾಲಯ 2018ರಲ್ಲಿ ರದ್ದುಮಾಡಿತು. ವಿಚ್ಛೇದನದ ಕಾರಣವಾಗಿ ಅದು ಉಳಿದೇ ಇದೆ.

ಇತ್ತ ಕೂಡಿಕೆ ಎಂಬ ಹೆಸರು ಮರೆಯಾಗುತ್ತ ಬಂದಿದೆ. ಅನುಕೂಲ ಹೆಚ್ಚಿದಂತೆ ಅನೇಕ ಸಮುದಾಯಗಳು ಮೇಲಿನ ಬೀದಿಯ ರೀತಿಯನ್ನೇ ಮರ್ಯಾದೆಯೆಂದು ಬಗೆದು, ತಮ್ಮ ಅಜ್ಜಿಯರಿಗಿದ್ದ ಅವಕಾಶವನ್ನು ಹೇಳಿಕೊಳ್ಳಲು ನಾಚಿದವು. ವಿಧವೆಗೂ ವಿಚ್ಛೇದಿತೆಗೂ ಹಗಲು ಹೊತ್ತಿನಲ್ಲೇ, ಕಲ್ಯಾಣಮಂಟಪದಲ್ಲೋ ರಿಜಿಸ್ಟ್ರಾರರ ಕಚೇರಿಯಲ್ಲೋ ಮರುಮದುವೆಯಾಗುವುದು ಈಗ ಸಾಧ್ಯವಾಗಿದೆ. ಅಷ್ಟರ ಮಟ್ಟಿಗೆ ಕತ್ತಲು ಸರಿದಿದೆ. ಆದರೆ ಭಾನುವಾರದ ಪತ್ರಿಕೆಯ ವಧು-ವರರ ಅಂಕಣ ತೆರೆದರೆ ಹಳೆಯ ಸಾಲು ಬೇರೆ ಅಕ್ಷರಗಳಲ್ಲಿ ಕಾಣಿಸುತ್ತದೆ. ಅಲ್ಲಿ ಮರುಮದುವೆಗೆ ನಿಂತ ಹೆಣ್ಣು ಬರಿಯ ವಿಚ್ಛೇದಿತೆ ಅಲ್ಲ, 'ಮುಗ್ಧ ವಿಚ್ಛೇದಿತೆ'; ಹಿಂದಿನ ಗಂಡನ ಮನೆಯಲ್ಲಿ ಇದ್ದುದು ಎಷ್ಟು ತಿಂಗಳು, ಎಷ್ಟು ದಿನ ಎಂಬುದನ್ನೂ ಪದಕ್ಕೆ ಇಷ್ಟೆಂದು ದುಡ್ಡು ತೆತ್ತು ಅಚ್ಚು ಹಾಕಿಸುತ್ತಾರೆ. ಪಕ್ಕದ ಕಾಲಮಿನ ಗಂಡಿನ ಜಾಹೀರಾತು ಗಿಡ್ಡದು: ವಿಧುರ, 45, ಸರ್ಕಾರಿ ನೌಕರಿ, ಸ್ವಂತ ಮನೆ.